ಭಾವನ ಕಾರ್ಖಾನೆಯ ಮಾಲೀಕರು

ಪ್ರೀತಿಯ ಅಕ್ಕಾ,

ನಾನು ಆರಾಮಿದ್ದೇನೆ. ನಿನ್ನೆ ಆಸ್ಪತ್ರೆಗೆ ರಜೆ ಹಾಕಿ, ಭಾವ ತೀರಿಹೋದ ಆ ನೌಬಾದ ಕಾರ್ಖಾನೆಯ ಮಾಲೀಕರನ್ನು ಹುಡುಕಿಕೊಂಡು ಹೋಗಿದ್ದೆ. ಬಾಯ್ಲರ್ ಸಿಡಿದ ಮೇಲೆ ಕೋರ್ಟಿನ ನೋಟಿಸು ಮೂರು ಸಲ ವಾಪಸು ಬಂತಲ್ಲ, ಕಾರ್ಖಾನೆ ಯಾವ ಕಂಪನಿಯ ಹೆಸರಿನಲ್ಲಿದೆಯೋ ಅದರ ವಿಳಾಸ ನಾನು ನರ್ಸ್ ಕೆಲಸಕ್ಕೆ ಬಂದಿರುವ ಈ ಪರದೇಶದ ದ್ವೀಪದ್ದೇ.

ಸಿಕ್ಕಿದ್ದು ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ. ಒಳಗೆ ಕುರ್ಚಿ, ಮೇಜು ಏನೂ ಇಲ್ಲ. ಗೋಡೆ ತುಂಬ ಟಪಾಲು ಡಬ್ಬಿಗಳು, ಒಂದೊಂದರ ಮೇಲೂ ಒಂದೊಂದು ಕಂಪನಿಯ ಹೆಸರು. ನಾವು ಹುಡುಕುತ್ತಿದ್ದ ಕಂಪನಿಯದು ಕೆಳಗಿನ ಸಾಲಿನಲ್ಲಿತ್ತು. ಮಾಲೀಕರು ಇಲ್ಲಿಗೆ ಬರುವುದೇ ಇಲ್ಲವಂತೆ. ಇಲ್ಲಿ ತೆರಿಗೆಯಿಲ್ಲ, ಅವರು ಯಾರೆಂದು ಯಾರಿಗೂ ಹೇಳಬೇಕಾಗಿಲ್ಲ ಎಂದ ಅಲ್ಲಿದ್ದ ಕಾವಲುಗಾರ.

ಜೊತೆಗೆ ಬಂದಿದ್ದ ಭಾಲ್ಕಿಯ ನರ್ಸ್ ಮುಸರ್ರತ, "ಹಂಗಾದ್ರ ಸತ್ತವ್ರ ಮನಿಯವ್ರು ಯಾರನ್ನ ಕೇಳ್ಬೇಕು? ಈ ಡಬ್ಬಿಗೋಳನ್ನೇನು?" ಎಂದು ಜೋರಾಗಿಯೇ ಕೇಳಿದಳು. ಅವನಿಗೆ ಕನ್ನಡ ಬರುವುದಿಲ್ಲ. ನೋಟಿಸಿನ ಪ್ರತಿಯನ್ನು ನಾನೇ ಡಬ್ಬಿಗೆ ಹಾಕಿದೆ. ಅದು ಖಾಲಿ ತಗಡಿನ ಮೇಲೆ ಬಿದ್ದ ಸದ್ದು ಕೇಳಿ ಅಳು ಬಂತು.

ಡಬ್ಬಿಯ ಫೋಟೊ ವಕೀಲರಿಗೆ ಕಳಿಸಿದ್ದೇನೆ. ಹದಿನಾರನೇ ತಾರೀಖಿನ ವಿಚಾರಣೆಗೆ ಔರಾದದಿಂದ ಮೊದಲ ಬಸ್ಸಿಗೇ ಬೀದರಿಗೆ ಹೋಗು. ಕೋರ್ಟಿನಲ್ಲಿ ಕಂಪನಿಯ ಹೆಸರು ಕೂಗಿದಾಗ ಯಾರೂ ಎದ್ದು ನಿಲ್ಲುವುದಿಲ್ಲ. ನಿನ್ನ ಹೆಸರು ಕೂಗಿದಾಗ ನೀನು ಎದ್ದು ನಿಲ್ಲು.

ಡ್ಯೂಟಿಗೆ ಹೊತ್ತಾಯಿತು,
ನಿನ್ನ ತಂಗಿ ಸಿದ್ದೇಶ್ವರಿ