ಇನ್ನಾಸಪ್ಪನ ಮಗ ಹೇಳಿದ ಸಾಕ್ಷಿ

ಕೆಸರೆ, ಮೈಸೂರು
೧೮ ನವೆಂಬರ್ ೨೦೦೬

ಪ್ರೀತಿಯ ದಯಾನಂದನಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಅದು ಸುಳ್ಳಾಗುತ್ತದೆ. ಹುಬ್ಬಳ್ಳಿಯಿಂದ ನೀನು ಹಾಕಿದ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಫೋನಿನಲ್ಲಾದರೆ "ಆಮೇಲೆ ಮಾತಾಡ್ತೀನಿ ಅತ್ತೆ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಇಲ್ಲಿ ನಡೆದ ಕ್ರೈಸ್ತ ಯುವಜನರ ಕೂಟದಲ್ಲಿ ನಿನ್ನ ಹಿಪ್-ಹಾಪ್ ಕೇಳಲು ನಾನೂ ನಿನ್ನ ಅಪ್ಪನೂ ಬಂದಿದ್ದೆವು. ನೀನು ಕರೆದಿರಲಿಲ್ಲ, ಪಕ್ಕದ ಮನೆಯ ಹೇಮಶ್ರೀ ಪೋಸ್ಟರ್ ನೋಡಿ ಹೇಳಿದಳು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಮೊದಲ ಹಾಡಿಗೆ ಅವನ ಬೆರಳು ಮುಂದಿನ ಕುರ್ಚಿಯ ಮೇಲೆ ತಾಳ ಹಾಕುತ್ತಿತ್ತು. ಆಮೇಲೆ ನೀನು ಮೈಕ್ ಹಿಡಿದು, ಯೇಸು ನಿನ್ನ ಬದುಕನ್ನು ಹೇಗೆ ಬದಲಿಸಿದ ಎಂದು ಸಾಕ್ಷಿ ಹೇಳಿದೆ. "ನಮ್ಮಪ್ಪ ಕುಡುಕ. ಬೆಲ್ಟಲ್ಲಿ ಹೊಡೀತಿದ್ದ. ಮನೇಲಿ ಅನ್ನ ಇರ್ತಿರಲಿಲ್ಲ. ನಂಗೆ ತಾಳ ಕಲಿಸಿದ್ದು ಬೀದಿ, ಆ ಬೀದಿಯಿಂದ ಎತ್ತಿದ್ದು ಯೇಸು" ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣನ ಬೆರಳು ನಿಂತಿತು.

ಯಾವ ಬೀದಿಯೋ ಅದು?

ನಿನ್ನ ತಾಯಿ ತೀರಿಕೊಂಡಾಗ ನೀನಿನ್ನೂ ತೊದಲುತ್ತಿದ್ದೆ. ನಾನು ಹೊಲಿಗೆ ಮೆಷಿನ್ ಹೊತ್ತುಕೊಂಡು ಈ ಮನೆಗೆ ಬಂದೆ. ಅಣ್ಣ ನಿನ್ನನ್ನು ಸ್ಕೂಲಿನಿಂದ ಸೈಕಲ್ ಮೇಲೆ ಕೂರಿಸಿಕೊಂಡು ಲಷ್ಕರ್ ಮೊಹಲ್ಲಾದ ಬ್ಯಾಂಡ್ ಸೆಟ್ ಅಂಗಡಿಗೆ ಹೋಗುತ್ತಿದ್ದ. ನೀನು ಹೋಂವರ್ಕ್ ಬರೆದಿದ್ದು, ತೂಕಡಿಸಿದ್ದು ಎಲ್ಲ ಅವನ ಡ್ರಮ್ಮಿನ ಪಕ್ಕದಲ್ಲೇ. ಮದುವೆ ಮೆರವಣಿಗೆ ಮುಗಿಸಿ ಬಂದ, ಊದಿಕೊಂಡ ಕೈಯಲ್ಲೇ ನಿನಗೆ ಕಡ್ಡಿ ಹಿಡಿಯಲು ಕಲಿಸಿದ. ಬ್ಯಾಂಡಿನವರೆಲ್ಲ ಕುಡಿಯಲು ಹೋದರೆ ಇವನು ನಿನಗೆ ಪರೋಟ ಕಟ್ಟಿಸಿಕೊಂಡು ನೇರ ಮನೆಗೆ ಬರುತ್ತಿದ್ದ. ಒಂದು ಹನಿ ಮುಟ್ಟಿದವನಲ್ಲ. ಈ ಮನೆಯಲ್ಲಿ ನಿನಗೆ ಯಾರಾದರೂ ಹೊಡೆದಿದ್ದರೆ ಅದು ನಾನು, ಸುಳ್ಳು ಹೇಳಿದ್ದಕ್ಕೆ. ಇನ್ನೆರಡು ಹಾಕಬೇಕಿತ್ತು.

ಹೈಸ್ಕೂಲಿನಲ್ಲಿ ಗೆಳೆಯ ಸಮರ್ಥ ಕೊಟ್ಟ ಇಂಗ್ಲಿಷ್ ರ‍್ಯಾಪ್ ಕ್ಯಾಸೆಟ್ಟನ್ನು ನೀನು ಹೆದರಿ ಹೆದರಿ ಹಾಕಿದ್ದೆ. ಅಣ್ಣ ಬೈಯಲಿಲ್ಲ. ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿ, "ಇದು ಬರೀ ಮಾತೇ ಕಣೋ, ತಾಳದ ಮೇಲೆ ಕೂರಿಸ್ಬುಟ್ಟವ್ರೆ. ಕನ್ನಡದಲ್ಲೂ ಕೂರ್ತದೆ, ನೋಡು" ಎಂದ. ನೀನು ಪದ ಕಟ್ಟಿದೆ, ಅವನು ಅಡಿಗೆಮನೆಯ ಹಲಗೆ ಬಡಿದ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ನೀನು ಅದನ್ನು ಹಾಡಲು ನಿಂತಾಗ ಚರ್ಚಿನ ಹಿರಿಯರು ಚೌರಪ್ಪನವರು, "ಇದು ದೇವರ ಹಾಡೋ ಜಗಳವೋ?" ಎಂದು ಮೈಕ್ ಕಿತ್ತುಕೊಂಡರು. ಯಾರಿಗೂ ಎದುರಾಡದ ಅಣ್ಣ ಅಂದು ಎದ್ದು ನಿಂತ. "ನಿಮ್ ಮಗಳ ಮದುವೇಲಿ ನಾನೇ ಬಾರಿಸಿದ್ದು. ಆವತ್ತು ಡ್ರಮ್ಮು ದೇವ್ರಿಗೆ ಕೇಳಿಸ್ಲಿಲ್ವಾ ಸ್ವಾಮಿ? ಮೈಕ್ ಕೊಡಿ ಹುಡುಗಂಗೆ" ಎಂದ. ಅವರು ಕೊಟ್ಟರು. ನೀನು ಹಾಡಿದೆ.

ಕೂಟ ಮುಗಿದ ಮೇಲೆ ನಿನ್ನನ್ನು ಹಿಂಬಾಗಿಲಲ್ಲಿ ಹಿಡಿದು ಕೇಳಿದೆ. "ಸಾಕ್ಷಿಗೆ ತೂಕ ಬೇಕು ಅಂತ ಪಾಸ್ಟರ್ ಹೇಳಿದ್ರು ಅತ್ತೆ. ಎಷ್ಟು ಜನ ಅತ್ರು ನೋಡಿದ್ಯಾ? ಮಹಿಮೆ ದೇವರಿಗೇ ತಾನೆ" ಎಂದೆ. ಹೆತ್ತವನ ಮಾನ ಕಳೆದು ಮಹಿಮೆ ಕೇಳುವ ದೇವರನ್ನು ನಾನು ಕಂಡಿಲ್ಲ. ಕುಡುಕನ ಮಗ ಎಂದು ಅಷ್ಟು ಜನರೆದುರು ಹೇಳಲು ನಾಚಿಕೆಯಾಗಲಿಲ್ಲ, ಬ್ಯಾಂಡಿನವನ ಮಗ ಎನ್ನಲು ನಾಚಿಕೆಯಾಯಿತೇ?

ಕ್ರಿಸ್ಮಸ್‌ಗೆ ಮೈಸೂರಿನಲ್ಲಿ ಮತ್ತೆ ನಿನ್ನ ಹಾಡು ಇದೆಯಂತೆ. ಬಾ. ಅದೇ ಜನರೆದುರು ನಿಜ ಹೇಳು. ನೀನು ಹೇಳದಿದ್ದರೆ ನಾನೇ ಸ್ಟೇಜ್ ಹತ್ತುತ್ತೇನೆ. ನನ್ನ ಗಂಟಲಿಗೆ ಮೈಕ್ ಬೇಕಿಲ್ಲ.

ಅಲ್ಲಿ ಚಳಿ ಶುರುವಾಗಿರಬೇಕು, ಸ್ವೆಟರ್ ಹಾಕಿಕೊ. ಹೊತ್ತುಹೊತ್ತಿಗೆ ಉಣ್ಣು. ದೇವರು ನಿನ್ನ ನಾಲಿಗೆಯನ್ನು ಕಾಯಲಿ.

ನಿನ್ನ ಅತ್ತೆ,
ಜ್ಞಾನಮ್ಮ

ತಾ.ಕ.: ಇದನ್ನು ನಿನಗೆ ತಿಳಿಸಬಾರದೆಂದು ಅಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದ. ಹೋದ ಭಾನುವಾರ ಚೌರಪ್ಪನವರು ನಿನ್ನ ಸಾಕ್ಷಿಯ ಸುದ್ದಿ ಕೇಳಿ, ಪ್ರಾರ್ಥನೆಯ ಗುಂಪನ್ನು ಕರೆದುಕೊಂಡು ಮನೆಗೆ ಬಂದರು, ಅಣ್ಣನಿಗೆ ಕುಡಿತ ಬಿಡಿಸಲು. "ನಿಜ ಹೇಳು ಇನ್ನಾಸಪ್ಪ, ಕುಡೀತೀಯಾ?" ಎಂದರು. ನಾನು ಅಡಿಗೆಮನೆಯಿಂದ ಓಡಿಬರುವಷ್ಟರಲ್ಲಿ ಅವನು, "ಹೂಂ ಸ್ವಾಮಿ, ತಪ್ಪಾಯ್ತು" ಎಂದು ಮಂಡಿಯೂರಿಬಿಟ್ಟಿದ್ದ. ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋದರು. ಹಾಗೇಕೆ ಒಪ್ಪಿಕೊಂಡೆ ಎಂದು ನಾನು ಅತ್ತುಕೊಂಡು ಕೇಳಿದರೆ, "ಇಲ್ಲ ಅಂದ್ರೆ ನನ್ ಮಗ ಸುಳ್ಳುಗಾರ ಆಗ್ತಾನಲ್ಲ ಜ್ಞಾನು" ಎಂದ.