ಇಲ್ಲದ ನಲ್ಲಿಗಳ ವಿಷಯವಾಗಿ ಭಾವನವರಿಗೆ

ಪ್ರೀತಿಯ ಭಾವನವರಿಗೆ,

ಸಮಸ್ತ ಬಂಧುಗಳಿಗೂ, ಬೀದಿಯಲ್ಲಿ ನಡೆದಾಡುವ ಸಕಲರಿಗೂ, ವಿಶೇಷವಾಗಿ ತಮಗೂ ಈ ಮೂಲಕ ಘನಗಾಂಭೀರ್ಯದಿಂದ ತಿಳಿಯಪಡಿಸುವುದೇನೆಂದರೆ: ಗಡಿಯಾರ ರಿಪೇರಿ ಅಂಗಡಿಯ ಎದುರಿನ ಕುಡಿಯುವ ನೀರಿನ ನಲ್ಲಿಯ ಹಿಡಿ ಎಡಕ್ಕೇ ತಿರುಗುತ್ತದೆ. ಇಂದು ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ, ಮೊದಲು ಬಲಕ್ಕೆ ತಿರುಗಿಸಿ ಅಂಗೈ ಕೆಂಪು ಮಾಡಿಕೊಂಡು, ಆಮೇಲೆ ಎಡಕ್ಕೆ ತಿರುಗಿಸಿ ಅಂಗಿಯ ತೋಳು ಒದ್ದೆ ಮಾಡಿಕೊಂಡು, ಈ ಸತ್ಯವನ್ನು ನಾನು ಖುದ್ದಾಗಿ ಸ್ಥಾಪಿಸಿದ್ದೇನೆ. ನಾಲ್ಕು ವರ್ಷಗಳ ಹಿಂದೆಯೇ ನೀವು ನಮ್ಮ ನಕ್ಷೆಯಲ್ಲಿ ಅದನ್ನು ಬರೆದಿಟ್ಟಿದ್ದಿರಿ: 'ಹಿಡಿ ಎಡಕ್ಕೆ. ನೀರು ಜೋರು, ತೋಳು ಮಡಚಿಕೊಳ್ಳಿ.' ಹೋದ ಬೇಸಿಗೆಯಲ್ಲಿ ಅದನ್ನು ಅಳಿಸಿದವನೂ ನಾನೇ.

ಇಷ್ಟು ದಿನ ನಗುನಗುತ್ತಾ ತಪ್ಪಿಸಿಕೊಂಡು ಓಡಾಡಿದೆ. ಈಗ ನಗು ಸಾಲದೆ ಕಾಗದ ಹಿಡಿದಿದ್ದೇನೆ.

ಊರಿನ ಜನ ಸಂಬಳವಿಲ್ಲದೆ ಕೂಡಿ ಮಾಡುವ ಈ ಡಿಜಿಟಲ್ ನಕ್ಷೆಗೆ ನಿಮ್ಮನ್ನು ಎಳೆದು ತಂದದ್ದು ನಾನು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನಿಜವಾಗಿ ನಿಮ್ಮನ್ನು ತಳ್ಳಿದ್ದು ಅಕ್ಕ. ಇಪ್ಪತ್ತೊಂಬತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು ನೀವು. "ಇವರನ್ನ ಎಲ್ಲಾದ್ರೂ ಕರ್ಕೊಂಡು ಹೋಗೋ ಮಾರಾಯ, ಮನೇಲಿ ಕೂತು ನನ್ನ ಡಬ್ಬಿಗಳ ರೀಡಿಂಗ್ ತಗೋತಿದಾರೆ. ಬೇಳೆ ಎಷ್ಟು ಇಳೀತು ಅಂತ ಕೇಳ್ತಾರೆ," ಎಂದು ಫೋನಿನಲ್ಲಿ ಗೋಳಾಡಿದಳು. ಮುಂದಿನ ಭಾನುವಾರವೇ ನೀವು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ನಮ್ಮ ಬಳಗದ ಏಳು ಜನರ ನಡುವೆ, ಹಳೇ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಿರಿ.

ನಿಮಗೆ ನಾವು ಕುಡಿಯುವ ನೀರಿನ ನಲ್ಲಿಗಳನ್ನು ವಹಿಸಿದೆವು. ನಿಜ ಹೇಳಲೇ? ಅದು ಯಾರಿಗೂ ಬೇಡವಾದ ಕೆಲಸವಾಗಿತ್ತು. ಮೂರು ವರ್ಷದಲ್ಲಿ ನೀವು ಇನ್ನೂರ ಹದಿನಾಲ್ಕು ನಲ್ಲಿ ಗುರುತಿಸಿದಿರಿ. ಪ್ರತಿಯೊಂದರ ಮುಂದೆ ನಿಂತು, ತಿರುಗಿಸಿ, ಒಂದು ಬೊಗಸೆ ಕುಡಿದು, ಆಮೇಲೆ ಬರೆದಿರಿ. 'ಹತ್ತು ಗಂಟೆಯ ನಂತರ ನೀರಿಲ್ಲ.' 'ನೀರು ಚೆನ್ನಾಗಿದೆ, ನಾಯಿ ಚೆನ್ನಾಗಿಲ್ಲ.' ಮೀಟರ್ ಓದುವವರಲ್ಲಿ ಕೆಲವರು ಟೀ ಅಂಗಡಿಯಲ್ಲಿ ಕೂತೇ ಅಂದಾಜಿನ ಮೇಲೆ ಅಂಕಿ ಬರೆಯುತ್ತಿದ್ದರಂತೆ. ಅದಕ್ಕೆ ನೀವಿಟ್ಟ ಹೆಸರು 'ಕೂತು ಬರೆದ ರೀಡಿಂಗ್'. ಆ ಮಾತು ಹೇಳುವಾಗ ನಿಮ್ಮ ಮುಖ ಬೇವಿನ ಕಷಾಯ ಕುಡಿದ ಹಾಗಾಗುತ್ತಿತ್ತು.

ನಾನೋ, ಭಾನುವಾರದ ಸಭೆಗಳಲ್ಲಿ ನಿಮ್ಮನ್ನೇ ನಂಜಿಕೊಳ್ಳುತ್ತಿದ್ದೆ. "ನಮ್ಮ ಭಾವ ನಲ್ಲಿ ಹತ್ರ ಹೋಗಿ, ಮೈ ಸವರಿ, ಊಟ ಆಯ್ತಾ ಅಂತ ಕೇಳಿ, ಆಮೇಲೆ ಬರ್ಕೊಳ್ತಾರೆ," ಅಂದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಭಾಮೈದ ಭಾವನನ್ನು ಗೇಲಿ ಮಾಡುವುದು ಹುಟ್ಟಿನಿಂದ ಬಂದ ಹಕ್ಕಲ್ಲವೇ ಎಂದುಕೊಂಡೆ. ಆ ಹಕ್ಕಿಗೂ ಒಂದು ಮೇರೆ ಇತ್ತು.

ಆಮೇಲೆ ನನ್ನ ತಲೆಗೆ ಪಕ್ಕದ ಊರಿನವರು ಹೊಕ್ಕರು. ಅವರ ಬಳಗದ ನಕ್ಷೆಯಲ್ಲಿ ಒಂಬೈನೂರು ನಲ್ಲಿ ಇದ್ದವು. ನಮ್ಮಲ್ಲಿ ನಿಮ್ಮ ಇನ್ನೂರ ಹದಿನಾಲ್ಕು. ಅಷ್ಟರಲ್ಲಿ ನೀರಿನ ಕಚೇರಿಯವರು ಸಾವಿರದ ಮುನ್ನೂರ ಹನ್ನೆರಡು ನಲ್ಲಿಗಳ ಪಟ್ಟಿಯನ್ನು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು, ತಮ್ಮ ವೆಬ್‌ಸೈಟಿಗೆ ಹಾಕಿಬಿಟ್ಟರು. ಇಡೀ ಪಟ್ಟಿಯನ್ನು ಒಂದೇ ಏಟಿಗೆ ನಕ್ಷೆಗೆ ಸುರಿಯಬಹುದಿತ್ತು. ಆದರೆ ನಮ್ಮ ಬಳಗಕ್ಕೊಂದು ಕಟ್ಟಳೆ ಇದೆ: ಹೊರಗಿನ ಪಟ್ಟಿ ಯಾವುದೇ ಇರಲಿ, ಅದರಲ್ಲಿ ಐವತ್ತನ್ನು ಆರಿಸಿ, ಯಾರಾದರೂ ನಡೆದು ಹೋಗಿ, ಕಣ್ಣಾರೆ ನೋಡಿ ಬರಬೇಕು. ಆಮೇಲಷ್ಟೇ ಸುರಿಯುವುದು.

ಆ ಐವತ್ತನ್ನು ಆರಿಸಿ ನಿಮ್ಮ ಕೈಗೆ ಕೊಟ್ಟೆ. ನೀವು ಹೋದಿರಿ. ಸುಡುಬಿಸಿಲಿನ ನಾಲ್ಕು ದಿನ ನಡೆದಿರಿ. ಎರಡನೆಯ ದಿನ ನನಗೆ ತಾಳ್ಮೆ ಕೆಟ್ಟಿತು. ಸರ್ಕಾರದ ಪಟ್ಟಿ ತಾನೇ, ಹೇಗೂ ಸರಿ ಇರುತ್ತದೆ, ಭಾವ ಬಂದು 'ಸರಿ ಇದೆ' ಅನ್ನುತ್ತಾರೆ, ಅಷ್ಟಕ್ಕೆ ಯಾಕೆ ಕಾಯಬೇಕು ಅಂದುಕೊಂಡು ಗುಂಡಿ ಒತ್ತಿದೆ. ಅದರ ಜೊತೆ ಕಂಪ್ಯೂಟರಿಗೆ ಒಂದು ನಿಯಮವನ್ನೂ ಬರೆದುಕೊಟ್ಟಿದ್ದೆ: ಮೂವತ್ತು ಮೀಟರಿನೊಳಗೆ ಎರಡು ನಲ್ಲಿ ಕಂಡರೆ ಕಚೇರಿಯದ್ದನ್ನು ಉಳಿಸು, ಇನ್ನೊಂದನ್ನು ಅಳಿಸು. ಆ 'ಇನ್ನೊಂದು' ಎಲ್ಲ ನಿಮ್ಮವು. ನಿಮ್ಮ ಇನ್ನೂರ ಹದಿನಾಲ್ಕರಲ್ಲಿ ನೂರ ಎಂಬತ್ತೇಳು, ಬರೆದ ಟಿಪ್ಪಣಿಗಳ ಸಮೇತ, ನಾನು ಕಾಫಿ ಆರಿಸಿಕೊಳ್ಳುವಷ್ಟರಲ್ಲಿ ಹೋದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ಹಿಡಿದವನು ನಿಮ್ಮ ಸ್ವಂತ ಹೆಂಡತಿಯ ತಮ್ಮ.

ನಾಲ್ಕನೆಯ ದಿನ ಮಧ್ಯಾಹ್ನ ನೀವು ನೇರವಾಗಿ ನನ್ನ ಕೋಣೆಗೇ ಬಂದಿರಿ. ಟೋಪಿಯ ಅಂಚಿನಲ್ಲಿ ಬೆವರು ಒಣಗಿ ಬಿಳಿಗೆರೆ ಕಟ್ಟಿತ್ತು. ಕೂರುವ ಮೊದಲೇ ಚೀಟಿ ಬಿಚ್ಚಿದಿರಿ. "ನೋಡು, ಮೂವತ್ತೊಂದು ಇಲ್ಲವೇ ಇಲ್ಲ. ಆರು ಇವೆ, ನೀರಿಲ್ಲ. ಒಂದು ಕಡೆ ನಲ್ಲಿ ಇರಬೇಕಾದ ಜಾಗದಲ್ಲಿ ಹಲ್ಲಿನ ಡಾಕ್ಟರು ಕೂತಿದಾರೆ. ಈ ಪಟ್ಟಿ ಹಾಕ್ಬೇಡ," ಅಂದಿರಿ. ಅನ್ನುತ್ತಾ ನಿಮ್ಮ ಕಣ್ಣು ನನ್ನ ಕಂಪ್ಯೂಟರಿನ ಕಡೆ ಹೊರಳಿತು. ಪರದೆಯ ತುಂಬ ಸಾವಿರದ ಮುನ್ನೂರು ನೀಲಿ ಚುಕ್ಕೆಗಳು, ಇಡೀ ಊರಿಗೆ ಸಿಡುಬು ಎದ್ದ ಹಾಗೆ.

ನೀವು ಬೈಯಲಿಲ್ಲ. ಬೈದಿದ್ದರೆ ನಾನೂ ಬಾಯಿ ಮಾಡಿ, ಅಕ್ಕ ಮಧ್ಯೆ ಬಂದು, ಸಂಜೆಗೆ ಎಲ್ಲ ಸರಿಹೋಗುತ್ತಿತ್ತು. ಚೀಟಿಯನ್ನು ನಾಲ್ಕಾಗಿ ಮಡಚಿ ನನ್ನ ಮೇಜಿನ ಮೇಲಿಟ್ಟು, ಮೆಲ್ಲಗೆ ಒಂದೇ ಮಾತು ಕೇಳಿದಿರಿ: "ಹಾಗಾದ್ರೆ ನಾನು ಯಾಕೆ ನಡೆದೆ?"

ಅದಕ್ಕೆ ನಾನು ಹೇಳಿದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ವ್ಯಾಯಾಮ ಆಯ್ತಲ್ಲ ಭಾವ," ಅಂದೆ. ಹಾಸ್ಯ ಎಂದುಕೊಂಡೇ ಅಂದೆ. ನೀವು ಟೋಪಿ ಹಾಕಿಕೊಂಡು ಹೊರಟಿರಿ. ಮೆಟ್ಟಿಲಲ್ಲಿ ನಿಮ್ಮ ಹೆಜ್ಜೆ ಕೇಳಿಸುತ್ತಿತ್ತು. ಕರೆಯಬಹುದಿತ್ತು, ಕರೆಯಲಿಲ್ಲ.

ಅದಾದ ಹದಿನೈದು ದಿನಕ್ಕೆ, ಮನೆಮನೆಗೆ ಪಾರ್ಸೆಲ್ ಹಂಚುವ ಹೆಂಗಸೊಬ್ಬಳು ಮಟಮಟ ಮಧ್ಯಾಹ್ನ ನಮ್ಮ ನಕ್ಷೆ ನಂಬಿ ಗಾಡಿ ತಳ್ಳಿಕೊಂಡು ನೀರು ಹುಡುಕಿದಳು. ಮೊದಲ ಜಾಗದಲ್ಲಿ ನಿಂತು ನಕ್ಷೆಯ ಮೇಲೆ ಬರೆದಳು: 'ಇಲ್ಲಿ ನಲ್ಲಿ ಇಲ್ಲ. ಗೋಡೆ ಇದೆ.' ಎರಡನೆಯ ಕಡೆ: 'ಇಲ್ಲೂ ಇಲ್ಲ.' ಮೂರನೆಯ ಕಡೆ: 'ಈ ನಕ್ಷೆ ಮಾಡಿದವರಿಗೆ ಬಾಯಾರಿಕೆ ಆಗಲ್ವಾ?' ಆ ಟಿಪ್ಪಣಿಗಳು ಬಳಗದ ಎಲ್ಲರ ಮೊಬೈಲಿಗೂ ಬಂದವು, ನಿಮಗೂ ಬಂದಿರಬೇಕು. ಅವಳು ನಿಂತಿದ್ದ ಮೂರನೆಯ ಜಾಗದ ಪಕ್ಕದ ಸಂದಿಯಲ್ಲೇ ನೀವು ಗುರುತಿಸಿದ್ದ ನಲ್ಲಿ ಇತ್ತು. ಇಪ್ಪತ್ತೆರಡು ಹೆಜ್ಜೆ, ನಾನು ಎಣಿಸಿದ್ದೇನೆ. ನಕ್ಷೆಯಲ್ಲಿ ಅದನ್ನು ನಾನು ಉಳಿಸಿರಲಿಲ್ಲ.

ಆಗಲೂ ನಾನು ಸುಮ್ಮನಾಗಲಿಲ್ಲ. ತಪ್ಪು ಪಟ್ಟಿಯದ್ದು, ನನ್ನದಲ್ಲ ಎಂದು ಸಾಧಿಸಲು ನೀರಿನ ಕಚೇರಿಗೇ ಹೋದೆ. ಅಲ್ಲಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಇದು ಹಾಕಿದ ನಲ್ಲಿಗಳ ಪಟ್ಟಿ ಅಲ್ಲ ಸಾರ್. ಹನ್ನೊಂದು ವರ್ಷದ ಹಿಂದೆ ಹಾಕ್ಬೇಕು ಅಂತ ಇದ್ದ ಪಟ್ಟಿ. ಮೊದಲ ಸಾಲಲ್ಲೇ ಬರ್ದಿದೀವಲ್ಲ, ಓದ್ಲಿಲ್ವಾ?" ಅಂದರು. ಓದಿರಲಿಲ್ಲ ಭಾವ. ಕೂತಿದ್ದೆ, ಬರೆದಿದ್ದೆ. ಓದಿರಲಿಲ್ಲ.

ಅಳಿಸಿದ್ದನ್ನು ನಕ್ಷೆಯ ಹಳೆಯ ಪ್ರತಿಯಿಂದ ವಾಪಸು ತರುವುದು ಅರ್ಧ ಗಂಟೆಯ ಕೆಲಸ. ಯಾರಿಗೂ ಹೇಳದೆ ತಂದೆ. ನಿಮ್ಮ ನೂರ ಎಂಬತ್ತೇಳೂ, ನಾಯಿಯ ಟಿಪ್ಪಣಿ ಸಮೇತ, ಇದ್ದ ಜಾಗಕ್ಕೆ ಬಂದು ಕೂತವು. ಇನ್ನೇನು, ಭಾವ ನೋಡುತ್ತಾರೆ, ಭಾನುವಾರ ಬರುತ್ತಾರೆ ಎಂದುಕೊಂಡೆ. ನಲ್ಲಿಗಳು ಬಂದವು, ನೀವು ಬರಲಿಲ್ಲ. ಅಕ್ಕನನ್ನು ಕೇಳಿದರೆ, "ಅವರು ಮೊಬೈಲಲ್ಲಿ ಈಗ ಹವಾಮಾನ ಮಾತ್ರ ನೋಡ್ತಾರೆ. ಅದೂ ನಂಬಲ್ಲ, ಬಾಗಿಲು ತೆಗೆದು ಆಕಾಶ ನೋಡ್ತಾರೆ," ಅಂದಳು. ನಕ್ಕೆ. ಫೋನಿಟ್ಟ ಮೇಲೆ ಆ ನಗು ನಗುವಾಗಿ ಉಳಿಯಲಿಲ್ಲ, ಬೇರೆ ಏನೋ ಆಯಿತು.

ಈಗ ಆರು ವಾರದಿಂದ ಕೆಲಸಕ್ಕೆ ಹೋಗುವ ಮುಂಚೆ ದಿನಾ ಒಂದು ಗಂಟೆ ನಡೆಯುತ್ತಿದ್ದೇನೆ. ನಿಮ್ಮವನ್ನೂ ಪಟ್ಟಿಯವನ್ನೂ ಒಂದೊಂದಾಗಿ ನೋಡಿ, ಇರುವುದನ್ನು ಉಳಿಸಿ ಇಲ್ಲದ್ದನ್ನು ತೆಗೆಯುತ್ತಿದ್ದೇನೆ. ಇವತ್ತಿಗೆ ನೂರ ಅರವತ್ಮೂರು ಆಯಿತು. ಈ ವೇಗದಲ್ಲಿ ಮುಗಿಯುವಷ್ಟರಲ್ಲಿ ನನಗೂ ನಿವೃತ್ತಿಯಾಗಿರುತ್ತದೆ. ಒಂದು ವಿಷಯ ಮಾತ್ರ ಗೊತ್ತಾಯಿತು. ನಲ್ಲಿಯ ಮುಂದೆ ನಿಂತರೆ ಜನ ಮಾತಾಡಿಸುತ್ತಾರೆ. ಇಂದು ಗಡಿಯಾರದವರು ಭೂತಗನ್ನಡಿ ಕಣ್ಣಲ್ಲಿ ಸಿಕ್ಕಿಸಿಕೊಂಡೇ ಹೊರಗೆ ಬಂದು, "ಟೋಪಿಯವರು ಯಾಕೆ ಬರ್ತಾ ಇಲ್ಲ?" ಎಂದು ಕೇಳಿದರು. "ಮೊಣಕಾಲು ನೋವು," ಅಂದುಬಿಟ್ಟೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ನಿಮ್ಮ ಗಟ್ಟಿ ಮೊಣಕಾಲಿಗೆ ಇಲ್ಲದ ನೋವನ್ನು ಅಂಟಿಸಿದ ಈ ಹೊಸ ತಪ್ಪನ್ನೂ ಹಳೆಯದರ ಜೊತೆ ಸೇರಿಸಿಕೊಳ್ಳಿ. ನಾಳೆ ಹೋಗಿ ಅವರಿಗೆ ನಿಜ ಹೇಳುತ್ತೇನೆ: ನೋಯಿಸಿದ್ದು ನಾನು, ನೋವು ಮೊಣಕಾಲಿನದ್ದಲ್ಲ.

ಕ್ಷಮಿಸಿ ಎನ್ನುವುದು ಕೂತು ಬರೆಯಬಹುದಾದ ಮಾತು, ಅದಕ್ಕೇ ಅದನ್ನು ಬರೆಯಲು ಹಿಂಜರಿಯುತ್ತಿದ್ದೇನೆ. ಆದರೂ ಬರೆದಿದ್ದೇನೆ, ನೋಡಿ.

ಕೊನೆಗೆ ಒಂದು ಚಿಕ್ಕ ಉಪಕಾರ. ಊರಿನಲ್ಲಿ ಬೇರೆ ಯಾವ ಬೀದಿಗಾದರೂ ಕಾಲು ಹೋಗುತ್ತದೆ, ನಿಮ್ಮ ಬೀದಿಗೆ ಮಾತ್ರ ಬರುತ್ತಿಲ್ಲ. ಬೀದಿಯ ಕೊನೆಯಲ್ಲಿ, ಬಡಗಿಯ ಶೆಡ್ಡಿನ ಪಕ್ಕ ಒಂದು ನಲ್ಲಿ ಇದೆ ಎಂದು ಪಟ್ಟಿ ಹೇಳುತ್ತದೆ. ಹೋಗಿ ನೋಡಬೇಕಾದರೆ ನಿಮ್ಮ ಕಿಟಕಿಯ ಮುಂದೆಯೇ ಹಾದುಹೋಗಬೇಕು. ದಯವಿಟ್ಟು ನೀವೇ ಒಮ್ಮೆ ನೋಡಿ, ಇದೆ ಅಥವಾ ಇಲ್ಲ ಎಂದು ಅಕ್ಕನ ಕೈಲಿ ಹೇಳಿಸಿ. ಅಥವಾ ನಾನೇ ಬಂದು ನೋಡಬಹುದು ಅನ್ನುವುದಾದರೆ ಅದನ್ನೂ ಹೇಳಿಸಿ. ಶನಿವಾರ ಬೆಳಿಗ್ಗೆ ಏಳಕ್ಕೆ ನನಗೆ ಬಿಡುವಿದೆ.

ನಿಮ್ಮ ನಡಿಗೆ ನೂರು ವರ್ಷ ಹೀಗೇ ಗಟ್ಟಿಯಾಗಿರಲಿ, ಕೋಪ ಮಾತ್ರ ಶನಿವಾರದೊಳಗೆ ಸ್ವಲ್ಪ ಸಡಿಲವಾಗಲಿ ಎಂದು ಹಾರೈಸುವ,

ನಿಮ್ಮ ಭಾಮೈದ