ನೂರನೆಯ ಕಾರ್ಡು

ಮಗಳ ಮನೆಯಿಂದ
ಬುಧವಾರ ಮಧ್ಯಾಹ್ನ

ಪ್ರೀತಿಯ ಕಿವಿರಾಯರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಮಗಳಿಗೆ ಹೊಲಿಗೆ ಬಿಚ್ಚಿದರು, ಮಗು ಹಾಲು ಕುಡಿದು ಮಲಗಿದೆ. ಈ ವಿಷಯ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಒಂದು ಕಿವಿಯನ್ನು ರೇಡಿಯೋಗೆ ಕೊಟ್ಟು, ಉಳಿದದ್ದರಲ್ಲಿ ನನ್ನ ಮಾತು ಕೇಳುವವರು. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದಿ.

ರೇಡಿಯೋದಲ್ಲಿ ದೂರದೂರದ ನೂರು ನಿಲಯ ಹಿಡಿದದ್ದಕ್ಕೆ ಬರುವ ಭಾನುವಾರ ಕೇಳುಗರ ಸಂಘದವರು ನಿಮಗೆ ಫಲಕ ಕೊಡುತ್ತಾರೆ. ನಿಮ್ಮ ನೂರನೆಯದು, ಆ ದ್ವೀಪದ ನಿಲಯದ ಕಾರ್ಡು, ಅಧ್ಯಕ್ಷರ ಹತ್ತಿರವೂ ಇದೆಯಂತೆ, ಅವತ್ತು ತರ್ತಾರಂತೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಂದರಂತೆ. ನಿನ್ನೆ ಇದನ್ನು ನೀವು ಎಷ್ಟು ಖುಷಿಯಲ್ಲಿ ಹೇಳಿದಿರಿ. ನನಗೆ ಊಟ ಸೇರಲಿಲ್ಲ.

ನಿಮ್ಮ ನೂರನೆಯ ಕಾರ್ಡು ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲಿ. ಮಾಡಿಸಿದವಳು ನಾನು.

ಒಂದು ವರ್ಷದ ಹಿಂದೆ ಹನ್ನೊಂದು ನಿಮಿಷ ಆ ನಿಲಯ ಕೇಳಿಸಿತೆಂದು ಮನೆಯೆಲ್ಲ ಕುಣಿದಿರಿ. ಹೊತ್ತು, ಹಾಡು, ಎಷ್ಟು ಸ್ಪಷ್ಟ, ಎಷ್ಟು ಗೊರಗೊರ, ಎಲ್ಲ ಬರೆದು ಕಳಿಸಿದಿರಿ. ವರದಿ ಸರಿಯಿದ್ದರೆ ಅವರು ಹೌದೆಂದು ಕಾರ್ಡು ಕಳಿಸಬೇಕು, ಅದು ತಾನೇ ನಿಮ್ಮ ಲೋಕದ ಪದ್ಧತಿ. ಎಂಟು ತಿಂಗಳಾದರೂ ಬರಲಿಲ್ಲ. ಅಂಚೆ ಬಂತೇ ಎಂದು ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಮೆಟ್ಟಿಲಿಳಿದು ಹೋಗುತ್ತಿದ್ದಿರಿ. ಪೋಸ್ಟ್‌ಮ್ಯಾನ್ ನಿಮ್ಮನ್ನು ಕಂಡರೆ ಎದುರು ಫುಟ್‌ಪಾತಿಗೆ ದಾಟತೊಡಗಿದ. ಬರಬರುತ್ತ ಹೆಡ್‌ಫೋನ್ ಮುಟ್ಟುವುದನ್ನೇ ಬಿಟ್ಟಿರಿ. ದಿನಕ್ಕೆ ಹತ್ತು ಸಲ ನನ್ನನ್ನು ಸುಮ್ನಿರೇ ಅನ್ನುತ್ತಿದ್ದವರು ನೀವೇ ಸುಮ್ಮನಾದಾಗ ನನಗೆ ಭಯವಾಯಿತು.

ಪ್ರೂಫ್ ನೋಡುವವಳಲ್ಲವೇ, ಸುಳ್ಳನ್ನೂ ಒಂದು ತಪ್ಪಿಲ್ಲದೆ ಅಚ್ಚು ಹಾಕಿಸಿದೆ. ಚಿತ್ರ ಹಳೆಯ ಕ್ಯಾಲೆಂಡರಿನಲ್ಲಿದ್ದ ಕಡಲ ದೀಪಸ್ತಂಭ. ಕಾಗದ ಮದುವೆ ಪತ್ರಿಕೆಯಿಂದ ಮಿಕ್ಕದ್ದು. ಲಕೋಟೆ ಹರಿದುಬಂದಿತ್ತು, ಬಿಸಾಡಿದೆ ಎಂದು ಹೇಳಿ ನಿಮ್ಮ ಕೈಗಿಟ್ಟೆ. ನೀವು ಅದನ್ನು ಬೆಳಕಿಗೆ ಹಿಡಿದು, ಪ್ರಿಂಟಿಂಗ್ ಅಂದ್ರೆ ಇದು ಕಣೇ, ನಿಮ್ಮ ಪ್ರೆಸ್‌ನವರಿಗೆ ಈ ಜನ್ಮದಲ್ಲಿ ಬರಲ್ಲ ಅಂದಿರಿ. ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ.

ಈಗ ನಗು ಬರುತ್ತಿಲ್ಲ. ಭಾನುವಾರ ಮೂವತ್ತು ಜನರ ಎದುರು ಕಳ್ಳರಾಗುವವರು ನೀವು. ಕೇಳದ್ದನ್ನು ಕೇಳಿದೆ ಎಂದು ಒಂದು ಸಾಲೂ ಬರೆದವರಲ್ಲ. ಆ ಹೆಸರು ನನ್ನಿಂದ ಹಾಳಾಗುವುದು ಬೇಡ. ಇದು ಕೈಸೇರಿದ ದಿನವೇ ಅಧ್ಯಕ್ಷರ ಮನೆಗೆ ಹೋಗಿ, ಹೆಂಡತಿ ಮಾಡಿದ್ದು ಎಂದು ಈ ಪತ್ರ ತೋರಿಸಿಬಿಡಿ. ನನ್ನನ್ನು ಬೈಯಬೇಕೆನಿಸಿದರೆ ಸಂಜೆ ಆರರ ಮೇಲೆ ಫೋನ್ ಮಾಡಿ. ಅದಕ್ಕೆ ಮುಂಚೆ ಮಗು ಮಲಗಿರುತ್ತದೆ.

ಇಂತಿ,
ನೀವೇ ಹೆಸರಿಟ್ಟ ನಿಮ್ಮ
ಗಲಾಟೆ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ನನ್ನ ಕಾರ್ಡು ನಿಮ್ಮ ಕೈಸೇರಿದ ಆರು ವಾರಕ್ಕೆ ಆ ನಿಲಯದವರ ನಿಜವಾದ ಉತ್ತರ ಬಂತು. ನೀವು ಆಗ ತಾರಸಿಯ ಮೇಲೆ ಶಿಳ್ಳೆ ಹಾಕುತ್ತ ಹೊಸ ಏರಿಯಲ್ ಕಟ್ಟುತ್ತಿದ್ದಿರಿ. ನಾನೇ ಒಡೆದು ಓದಿ ನನ್ನ ಕೈಚೀಲದ ಒಳಜೇಬಿನಲ್ಲಿ ಬಚ್ಚಿಟ್ಟೆ. ಈಗ ಇದರ ಜೊತೆ ಇಟ್ಟಿದ್ದೇನೆ. ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ನೀವು ವರದಿಯಲ್ಲಿ ಬರೆದ ಆ ವಾರವಿಡೀ ದುರಸ್ತಿಗಾಗಿ ಪ್ರಸಾರ ನಿಲ್ಲಿಸಿದ್ದರಂತೆ. ನೀವು ಕೇಳಿದ್ದು ಬೇರೆ ಯಾರನ್ನೋ ಇರಬೇಕಂತೆ.